ಅಜ್ಜಿಯ ಬಲಗಿವಿ ಮತ್ತು ಬ್ಲಮ್‌ಲೈನ್

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಹತ್ತಿದರೆ ಮಾನ್ವಿ ದಾಟಿದ ಮೇಲೆ ಸಿಗುವ ಊರು ನಮ್ಮದು, ಪೋತ್ನಾಳ. ಮನೆ ರಸ್ತೆಗೆ ಹತ್ತಿರ. ಭತ್ತದ ಲಾರಿಗಳ ಹಾರ್ನು ಹಗಲೂ ರಾತ್ರಿ ಕೇಳುತ್ತಲೇ ಇರುತ್ತದೆ. ಅದಕ್ಕೆ ನಮ್ಮಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಜಗಳ ಶುರುವಾದದ್ದು ಟಿವಿ ಸೌಂಡಿಗೆ.

ಹಳೆಯ ಡಬ್ಬಾ ಟಿವಿ ಕೆಟ್ಟಿತೆಂದು ಅಪ್ಪ ಕಳೆದ ವರ್ಷ 32 ಇಂಚಿನ ಎಲ್‌ಇಡಿ ಟಿವಿ ತಂದ. ಪಡಸಾಲೆಯಲ್ಲಿ ಬಾಗಿಲ ಮೇಲೆ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಅದನ್ನು ಗೋಡೆಗೆ ಕೂಡಿಸಿದೆವು. ಚಿತ್ರ ಬಹಳ ಚೆಂದ. ಆದರೆ ಅಜ್ಜಿಗೆ ಮಾತೇ ತಿಳಿಯದಾಯಿತು. ಆಕೆಯ ಎಡಗಿವಿ ಸಣ್ಣವಳಿದ್ದಾಗಲೇ ಸೋರಿ ಸೋರಿ ಹೋಗಿದೆ. ಉಳಿದದ್ದು ಬಲಗಿವಿ ಒಂದೇ, ಅದಕ್ಕೂ ಈಗ ವಯಸ್ಸಾಗಿದೆ. ಮೊದಲೆಲ್ಲ ರೇಡಿಯೊವನ್ನು ಬಲಗಿವಿಯ ಪಕ್ಕ ದಿಂಬಿನ ಮೇಲೆ ಇಟ್ಟುಕೊಂಡು ಕೇಳುತ್ತಿದ್ದಳು. ಡಬ್ಬಾ ಟಿವಿಯ ಸ್ಪೀಕರ್ ಮುಂದಕ್ಕೆ ಮುಖ ಮಾಡಿತ್ತು, ಹತ್ತಿರ ಕೂತು ಸುದಾರಿಸಿಕೊಂಡಳು. ಹೊಸ ಟಿವಿ ತೆಳ್ಳಗೆ, ಅದರ ಸ್ಪೀಕರ್ ಇರುವುದು ಹಿಂದೆ ಮತ್ತು ಕೆಳಗೆ. ಧ್ವನಿ ಗೋಡೆಗೆ ಬಡಿದು, ಮೇಲಿನ ಪತ್ರಾಸಿಗೆ ಬಡಿದು ಎಲ್ಲಿಂದಲೋ ಬರುತ್ತದೆ. ಅಜ್ಜಿ ವಾಲ್ಯೂಮ್ 50, 60 ಮಾಡುತ್ತಾಳೆ. ಗದ್ದಲ ಹೆಚ್ಚಾಗುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ.

ನಾನು ಬಿ.ಎಸ್ಸಿ ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಪಿಡಿಒ, ಗ್ರಾಮ ಆಡಳಿತಾಧಿಕಾರಿ ಎಂದು ಕರೆದ ಪರೀಕ್ಷೆಗೆಲ್ಲ ಅರ್ಜಿ ಹಾಕಿ ಓದುತ್ತಿದ್ದೇನೆ. ಓದುವ ಜಾಗ ಪಡಸಾಲೆಯ ಪಕ್ಕದ ಕೋಣೆ. ಒಂದು ರಾತ್ರಿ ತಲೆ ಕೆಟ್ಟು, ಹೆಂಗೂ ನಿನಗೆ ಕೇಳಂಗಿಲ್ಲ, ಬಂದ್ ಮಾಡಬಾರದೇನು ಎಂದುಬಿಟ್ಟೆ. ಅಜ್ಜಿ ಏನೂ ಮಾತಾಡದೆ ರಿಮೋಟ್ ಒತ್ತಿ ಹೊರಗೆ ಕಟ್ಟೆಗೆ ಹೋಗಿ ಕೂತಳು. ಮರುದಿನವೂ ಕಟ್ಟೆ. ಅದರ ಮರುದಿನವೂ. ಮನೆಯವರೆಲ್ಲ ಟಿವಿ ಮುಂದೆ, ಆಕೆ ಒಬ್ಬಳೇ ಕತ್ತಲಲ್ಲಿ ಲಾರಿ ನೋಡುತ್ತಾ. ಅವ್ವ ಕರೆದರೂ ಬರಲಿಲ್ಲ. ಓದಲು ಬೇಕಾದ ನಿಶ್ಶಬ್ದ ನನಗೆ ಸಿಕ್ಕಿತ್ತು, ಓದು ಮಾತ್ರ ತಲೆಗೆ ಹತ್ತಲಿಲ್ಲ.

ಟ್ಯೂಷನ್ ಹೇಳಿ ಉಳಿಸಿದ ಐದಾರು ಸಾವಿರ ರೂಪಾಯಿ ನನ್ನ ಹತ್ತಿರ ಇತ್ತು. ಅದರಲ್ಲಿ ಟಿವಿಗೆ ಒಂದು ಸ್ಪೀಕರ್ ತರೋಣ ಎಂದುಕೊಂಡೆ. ಯಾವುದು ತರಬೇಕು? ಅಂಗಡಿಯವರನ್ನು ಕೇಳಿದರೆ ವಾಟ್ ಲೆಕ್ಕ ಹೇಳುತ್ತಾರೆ. ಭೌತಶಾಸ್ತ್ರ ಓದಿದವನು ನಾನೇ ಓದಿ ತಿಳಿಯುತ್ತೇನೆಂದು ಕೂತೆ. ಹಾಗೆ ಓದುವಾಗ ಅಲನ್ ಬ್ಲಮ್‌ಲೈನ್ ಸಿಕ್ಕ. ಧ್ವನಿಯ ಎಂಜಿನಿಯರುಗಳ ಲೋಕದಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. ನಮ್ಮ ಕಡೆ ಕೇಳಿದವರು ಇನ್ನೂ ಕಡಿಮೆ. ಆದರೆ ಸ್ಟೀರಿಯೊ ಎಂದು ಬರೆದ ಪ್ರತಿ ಡಬ್ಬಿಯ ಹಿಂದೆ ಆತ ಇದ್ದಾನೆ.

ಅಲನ್ ಡೋವರ್ ಬ್ಲಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದವರು. ತಾಯಿಯ ಕಡೆಯವರು ದಕ್ಷಿಣ ಆಫ್ರಿಕಾದಲ್ಲಿ ಮಿಷನರಿಯಾಗಿದ್ದ ಮನೆತನ. ಏಳು ವರ್ಷದ ಹುಡುಗ ಮನೆಯ ಕೆಟ್ಟ ಕರೆಗಂಟೆ ರಿಪೇರಿ ಮಾಡಿ, ತಂದೆಗೆ ಬಿಲ್ ಬರೆದು ಕೊಟ್ಟನಂತೆ. ಕೆಳಗೆ ತನ್ನ ಹೆಸರು, ಹೆಸರಿನ ಪಕ್ಕ ಎಲೆಕ್ಟ್ರಿಕಲ್ ಎಂಜಿನಿಯರ್ ಎಂಬ ಪದವಿ. ಪದವಿಯನ್ನು ಕಾಲೇಜು ಕೊಡುವವರೆಗೆ ಕಾಯುವ ತಾಳ್ಮೆ ಆ ಹುಡುಗನಿಗೆ ಇರಲಿಲ್ಲವೆಂದು ಕಾಣುತ್ತದೆ.

ಅದೇ ಹುಡುಗನಿಗೆ ಹನ್ನೆರಡು ವರ್ಷವಾದರೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಇದನ್ನು ಹೇಳಿದವಳು ಅವನ ಸ್ವಂತ ಸಹೋದರಿ. ಮುಂದೆ ಯಾರಾದರೂ ಆ ಮಾತು ತೆಗೆದರೆ, ಓದು ಬರದಿದ್ದರೇನು, ವರ್ಗ ಸಮೀಕರಣಗಳು ಬೇಕಾದಷ್ಟು ಗೊತ್ತಿದ್ದವು ಎಂದು ಆತ ನಗೆಯಾಡುತ್ತಿದ್ದ. ನನ್ನ ಟ್ಯೂಷನ್ನಿಗೆ ಬರುವ ಆರನೇ ತರಗತಿಯ ಒಬ್ಬ ಹುಡುಗ ಪಾಠ ಓದು ಎಂದರೆ ತೊದಲುತ್ತಾನೆ, ಲೆಕ್ಕ ಕೊಟ್ಟರೆ ಬಾಯಲ್ಲೇ ಮಾಡಿ ಮುಗಿಸುತ್ತಾನೆ. ಇದನ್ನು ಓದಿದ ಮೇಲೆ ಅವನನ್ನು ಬೈಯುವುದು ಬಿಟ್ಟಿದ್ದೇನೆ.

ಹೈಗೇಟ್ ಶಾಲೆ, ಆಮೇಲೆ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜು. 1923ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ. ಮರುವರ್ಷ ಟೆಲಿಫೋನ್ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸ. ಅಲ್ಲಿ ಅವನಿಗೆ ಸಿಕ್ಕ ಸಮಸ್ಯೆ ಮಾತು ಸೋರುವುದು. ಅಕ್ಕಪಕ್ಕ ಹಾಯುವ ಎರಡು ತಂತಿಗಳಲ್ಲಿ ಒಂದರ ಮಾತು ಇನ್ನೊಂದಕ್ಕೆ ಇಳಿದು, ದೂರದೂರಿಗೆ ಫೋನ್ ಮಾಡಿದವರಿಗೆ ಬೇರೆ ಯಾರದೋ ಸಂಸಾರದ ಕಥೆ ಕೇಳುತ್ತಿತ್ತು. ಅದನ್ನು ಕಡಿಮೆ ಮಾಡುವ ಸುರುಳಿಗಳನ್ನು ರೂಪಿಸುವ ಕೆಲಸದಲ್ಲಿ ಆತ ಪಳಗಿದ. ಎರಡು ತಂತಿಗಳಲ್ಲಿ ಯಾವುದು ಒಂದೇ, ಯಾವುದು ಬೇರೆ ಎಂದು ಲೆಕ್ಕ ಹಾಕುವ ಅಭ್ಯಾಸ ಹತ್ತಿದ್ದು ಇಲ್ಲಿಯೇ ಇರಬೇಕು ಎಂದು ನನಗೆ ಅನಿಸುತ್ತದೆ. ಮುಂದಿನ ಅವನ ಕೆಲಸಗಳಲ್ಲಿ ಈ ಲೆಕ್ಕ ಮತ್ತೆ ಮತ್ತೆ ಬರುತ್ತದೆ.

1929ರಲ್ಲಿ ಆತ ಕೊಲಂಬಿಯಾ ಗ್ರಾಫೋಫೋನ್ ಕಂಪನಿ ಸೇರಿದ. ಅಲ್ಲಿ ಮೇಲಿದ್ದವರು ಐಸಾಕ್ ಶೋನ್‌ಬರ್ಗ್. ಆಗ ತಟ್ಟೆಗಳ ಮೇಲೆ ಧ್ವನಿ ಕೊರೆಯುವ ವಿದ್ಯುತ್ ಯಂತ್ರದ ಪೇಟೆಂಟ್ ಅಮೆರಿಕದ ಬೆಲ್ ಸಂಸ್ಥೆಯ ಕೈಯಲ್ಲಿತ್ತು. ಅಚ್ಚಾಗುವ ಒಂದೊಂದು ತಟ್ಟೆಗೂ ಗೌರವಧನ ಕಟ್ಟಬೇಕು. ಅದನ್ನು ತಪ್ಪಿಸಲು ಬೇರೆಯದೇ ಯಂತ್ರ ಮಾಡಿಕೊಡು ಎಂಬುದು ಇಪ್ಪತ್ತೈದು ವರ್ಷದ ಹುಡುಗನಿಗೆ ಕೊಟ್ಟ ಮೊದಲ ಕೆಲಸ. ಚಲಿಸುವ ಸುರುಳಿಯ ಕೊರೆಯುವ ಯಂತ್ರವನ್ನು ಮಾಡಿಯೇಬಿಟ್ಟ. ಅದು ಹಳೆಯದಕ್ಕಿಂತ ಚೆನ್ನಾಗಿತ್ತು ಎಂಬುದು ಕಂಪನಿಗೆ ಸಿಕ್ಕ ಹೆಚ್ಚಿನ ಲಾಭ. 1931ರಲ್ಲಿ ಕೊಲಂಬಿಯಾ ಮತ್ತು ನಾಯಿ ಚಿತ್ರದ ಎಚ್‌ಎಂವಿ ತಟ್ಟೆಗಳ ಗ್ರಾಮಫೋನ್ ಕಂಪನಿ ಕೂಡಿ ಇಎಂಐ ಆಯಿತು. ನಮ್ಮ ಹಿರಿಯರು ಗ್ರಾಮಫೋನಿನಲ್ಲಿ ಕೇಳಿದ ನಾಟಕದ ಹಾಡುಗಳ ತಟ್ಟೆಯ ಮೇಲೆ ಇದ್ದದ್ದೂ ಅದೇ ನಾಯಿ.

ಇನ್ನು ಸಿನಿಮಾ ಪ್ರಸಂಗ. 1931ರಲ್ಲಿ ಮಾತಿನ ಚಿತ್ರಗಳು ಹೊಸವು. ತಾನು ಮದುವೆಯಾಗಲಿದ್ದ ಡೊರೀನ್ ಲೇನ್ ಎಂಬ ಶಾಲಾ ಶಿಕ್ಷಕಿಯ ಜೊತೆ ಆತ ಒಂದು ಸಿನಿಮಾಕ್ಕೆ ಹೋಗಿದ್ದ. ಟಾಕೀಸಿನಲ್ಲಿ ಧ್ವನಿ ಬರುವುದು ಒಂದೇ ಜಾಗದಿಂದ. ನಟ ಪರದೆಯ ಒಂದು ಅಂಚಿಗೆ ನಡೆದು ಹೋದರೂ ಅವನ ಮಾತು ಇನ್ನೊಂದು ಕಡೆಯಿಂದ ಬರುತ್ತಿದೆ. ಜನರಿಗೆಲ್ಲ ಅದು ರೂಢಿಯಾಗಿತ್ತು. ಬ್ಲಮ್‌ಲೈನ್‌ಗೆ ಮಾತ್ರ ಅದು ಹಲ್ಲಿನಲ್ಲಿ ಸಿಕ್ಕಿದ ನಾರಿನ ಹಾಗೆ. ಧ್ವನಿ ಮನುಷ್ಯನ ಹಿಂದೆ ಹೋಗುವಂತೆ ಮಾಡುವ ದಾರಿ ತನಗೆ ಗೊತ್ತು ಎಂದು ಡೊರೀನ್‌ಗೆ ಹೇಳಿದನಂತೆ.

ಇದನ್ನು ಓದಿದಾಗ ನಾನು ತಲೆ ಎತ್ತಿ ನಮ್ಮ ಟಿವಿ ನೋಡಿದೆ. ಸುದ್ದಿ ಓದುವವಳ ಮುಖ ಬಾಗಿಲ ಮೇಲೆ, ಮಾತು ಪತ್ರಾಸಿನಿಂದ. ಅಜ್ಜಿಯ ತೊಂದರೆಯನ್ನು ತೊಂಬತ್ತು ವರ್ಷದ ಹಿಂದೆಯೇ ಒಬ್ಬ ಗುರುತು ಹಿಡಿದಿದ್ದ.

ಅವನ ಉಪಾಯ ತಿಳಿಯಬೇಕಾದರೆ ನಮ್ಮ ಕಿವಿಗಳ ಕೆಲಸ ತಿಳಿಯಬೇಕು. ಬಲಗಡೆಯಿಂದ ಯಾರೋ ಕರೆದರೆ ಆ ಧ್ವನಿ ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಚೂರು ತಡವಾಗಿ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವುದರಿಂದ ಈ ತಡ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ನಡುವೆ ತಲೆ ಅಡ್ಡ ಬರುವುದರಿಂದ ಎಡಗಿವಿಗೆ ಸ್ವಲ್ಪ ಸಣ್ಣದಾಗಿ ಕೇಳುತ್ತದೆ. ಇಷ್ಟು ವ್ಯತ್ಯಾಸದಿಂದಲೇ ಕರೆದವರು ಎಲ್ಲಿದ್ದಾರೆಂದು ನಮ್ಮ ಮಿದುಳು ಹೇಳುತ್ತದೆ. ಎರಡು ಮೈಕು, ಎರಡು ಸ್ಪೀಕರ್ ಇಟ್ಟು ಈ ವ್ಯತ್ಯಾಸವನ್ನು ಹಿಡಿದು ಮತ್ತೆ ಕೊಟ್ಟರೆ, ಸ್ಪೀಕರ್ ಇಲ್ಲದ ಜಾಗದಿಂದಲೂ ಧ್ವನಿ ಬಂದಂತೆ ಅನಿಸುತ್ತದೆ. ಎರಡರಲ್ಲೂ ಒಂದೇ ಸಮ ಇದ್ದರೆ ನಟ ನಡುವೆ ನಿಂತಂತೆ, ಎಡದಲ್ಲಿ ಹೆಚ್ಚಾದರೆ ಎಡಕ್ಕೆ ಸರಿದಂತೆ.

1931ರ ಡಿಸೆಂಬರ್ 14ರಂದು ಆತ ಪೇಟೆಂಟಿಗೆ ಅರ್ಜಿ ಹಾಕಿದ. ಅದರಲ್ಲಿ 70 ಬೇಡಿಕೆಗಳಿದ್ದವು. ಒಂದೇ ಜಾಗದಲ್ಲಿ ಒಂದಕ್ಕೊಂದು ಅಡ್ಡಲಾಗಿ ತಿರುಗಿಸಿದ ಎರಡು ಮೈಕು ಇಡುವ ಕ್ರಮ ಅದರಲ್ಲಿತ್ತು, ಇವತ್ತಿಗೂ ರೆಕಾರ್ಡಿಂಗ್ ಮಾಡುವವರು ಅದನ್ನು ಬ್ಲಮ್‌ಲೈನ್ ಜೋಡಿ ಎಂದೇ ಕರೆಯುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ತಟ್ಟೆಯ ಉಪಾಯ. ಎರಡು ಧ್ವನಿ ಎಂದರೆ ಎರಡು ತಟ್ಟೆ, ಎರಡು ಮುಳ್ಳು ಬೇಕೆಂದು ಆತ ಹೇಳಲಿಲ್ಲ. ತಟ್ಟೆಯ ಗೀರನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೊರೆದು, ಒಂದು ಗೋಡೆಯಲ್ಲಿ ಎಡದ ಧ್ವನಿ, ಇನ್ನೊಂದು ಗೋಡೆಯಲ್ಲಿ ಬಲದ ಧ್ವನಿ ಇಟ್ಟ. ಮುಳ್ಳು ಒಂದೇ, ಗೀರು ಒಂದೇ. ಸರಿಸುಮಾರು ಅದೇ ಕಾಲಕ್ಕೆ, 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ಸಂಗೀತವನ್ನು ಮೂರು ತಂತಿ ಮಾರ್ಗದಲ್ಲಿ ವಾಷಿಂಗ್ಟನ್ನಿಗೆ ಕಳಿಸಿ ದೊಡ್ಡ ಸಭಾಂಗಣದಲ್ಲಿ ಕೇಳಿಸಿದ್ದರು. ಬ್ಲಮ್‌ಲೈನ್‌ನ ಒಂದು ಗೀರು ಸಾಮಾನ್ಯರ ಮನೆಯ ಪೆಟ್ಟಿಗೆಗೂ ಹೊಂದುವಂಥದ್ದು.

ಪೇಟೆಂಟ್ ಮಂಜೂರಾದದ್ದು 1933ರ ಜೂನ್‌ನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಡೊರೀನ್ ಜೊತೆ ಮದುವೆಯಾಗಿತ್ತು. 1934ರ ಜನವರಿಯಲ್ಲಿ ಲಂಡನ್ನಿನ ಆಬೀ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ಅವರ ವಾದ್ಯವೃಂದ ಮೊಜಾರ್ಟ್‌ನ ಸಿಂಫನಿಯೊಂದನ್ನು ನುಡಿಸುತ್ತಿದ್ದಾಗ ಆತ ಅದನ್ನು ಸ್ಟೀರಿಯೊದಲ್ಲಿ ಹಿಡಿದ. 1935ರಲ್ಲಿ ಚಿಕ್ಕ ಚಿಕ್ಕ ಪರೀಕ್ಷಾ ಚಿತ್ರಗಳನ್ನು ತೆಗೆದ. ಒಂದರಲ್ಲಿ ಜನ ಮಾತಾಡುತ್ತಾ ವೇದಿಕೆಯ ಮೇಲೆ ಅತ್ತಿತ್ತ ನಡೆಯುತ್ತಾರೆ, ಮಾತು ಅವರ ಜೊತೆ ನಡೆಯುತ್ತದೆ. ಇನ್ನೊಂದರಲ್ಲಿ ಕಾರ್ಖಾನೆಯ ಕಿಟಕಿಯಿಂದ ಕಾಣುವ ಹೇಯ್ಸ್ ನಿಲ್ದಾಣದ ರೈಲುಗಳು, ಸದ್ದು ಬೋಗಿಗಳ ಸಂಗಡ ಪರದೆ ದಾಟುತ್ತದೆ. ಆ ಚಿತ್ರಗಳು ಇಂದಿಗೂ ಉಳಿದಿವೆ. ಅದೇ 1935ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟಿನ ಯಂತ್ರ ಇಟ್ಟುಕೊಂಡು ಆಕಾಶವಾಣಿ ಶುರು ಮಾಡಿದರು. ಒಂದೇ ವರ್ಷ, ಅಲ್ಲಿ ರೈಲಿನ ಹಿಂದೆ ಧ್ವನಿ ಓಡಿಸುವ ಪ್ರಯತ್ನ, ಇಲ್ಲಿ ಧ್ವನಿಯನ್ನು ಮನೆಗಳಿಗೆ ಮುಟ್ಟಿಸುವ ಪ್ರಯತ್ನ. ಎರಡೂ ಕೂಡಿದ್ದರಿಂದಲೇ ನಮ್ಮ ಪಡಸಾಲೆಯ ಟಿವಿ ಮಾತಾಡುತ್ತಿದೆ ಎಂದುಕೊಂಡರೆ ಖುಷಿಯಾಗುತ್ತದೆ.

ಆದರೆ ಸ್ಟೀರಿಯೊ ಕೊಳ್ಳುವವರು ಆಗ ಯಾರೂ ಇರಲಿಲ್ಲ. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು, ಒಂದು ಸ್ಪೀಕರಿಗೇ ದುಡ್ಡಿಲ್ಲದ ಜನ ಎರಡು ಎಲ್ಲಿಂದ ಕೊಳ್ಳಬೇಕು? ಕಂಪನಿ ಆ ಕೆಲಸವನ್ನು ಪಕ್ಕಕ್ಕಿಟ್ಟು ಅವನನ್ನು ಟಿವಿ ಕಡೆಗೆ ತಿರುಗಿಸಿತು. ಆತ ಮುನಿಸಿಕೊಂಡು ಕೂರಲಿಲ್ಲ. ಶೋನ್‌ಬರ್ಗ್ ಅವರ ತಂಡ 405 ಗೆರೆಗಳ ಟಿವಿ ವ್ಯವಸ್ಥೆ ಮಾಡಿತು. ಅದರ ವಿದ್ಯುತ್ ಮಂಡಲಗಳ ಬಹುಭಾಗ ಬ್ಲಮ್‌ಲೈನ್ ತಲೆಯಿಂದ ಬಂದದ್ದು. 1936ರ ನವೆಂಬರ್ 2ರಂದು ಬಿಬಿಸಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಟಿವಿ ಪ್ರಸಾರ ಆರಂಭಿಸಿತು. ಒಂದು ವಾರ ಬೇರ್ಡ್ ಅವರ 240 ಗೆರೆಗಳ ಪದ್ಧತಿ, ಒಂದು ವಾರ ಇವರದು. ಮೂರೇ ತಿಂಗಳಲ್ಲಿ ಬೇರ್ಡ್ ಪದ್ಧತಿಯನ್ನು ಕೈಬಿಟ್ಟು ಇವರದನ್ನೇ ಉಳಿಸಿಕೊಂಡರು. ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಟಿವಿ ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಬೇರ್ಡ್ ಎಂದೇ ಉತ್ತರ ಇದೆ. ಪರೀಕ್ಷೆಯಲ್ಲಿ ನಾನೂ ಅದನ್ನೇ ಬರೆಯುತ್ತೇನೆ, ಅಂಕ ಬೇಕಲ್ಲ.

1937ರ ಮೇ 12ರಂದು ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಯನ್ನು ಬಿಬಿಸಿ ಬೀದಿಯಿಂದಲೇ ಟಿವಿಯಲ್ಲಿ ತೋರಿಸಿತು. ಚಿತ್ರ ಉದ್ದನೆಯ ಕೇಬಲಿನಲ್ಲಿ ಬರಬೇಕು, ದಾರಿಯುದ್ದಕ್ಕೂ ಹೊರಗಿನ ಗದ್ದಲ ತಂತಿಯನ್ನು ಸೇರಿಕೊಳ್ಳುತ್ತದೆ. ಇಂಥದ್ದಕ್ಕೆ ಬ್ಲಮ್‌ಲೈನ್ ಒಂದು ಮಂಡಲ ಹೊಂದಿಸಿದ್ದ. ಗದ್ದಲ ಎರಡೂ ತಂತಿಗಳಲ್ಲಿ ಒಂದೇ ಸಮ ಇರುತ್ತದೆ, ಬೇಕಾದ ಸಂಕೇತ ಮಾತ್ರ ಎರಡರಲ್ಲಿ ಬೇರೆ. ಒಂದೇ ಇರುವುದನ್ನು ಕಳೆದು ಬೇರೆ ಇರುವುದನ್ನು ಹಿಗ್ಗಿಸಿದರೆ ಚಿತ್ರ ಸ್ವಚ್ಛ. ಟೆಲಿಫೋನ್ ತಂತಿಯ ಹಳೆಯ ಲೆಕ್ಕವೇ ಇದು. ನಾನು ಕಾಲೇಜಿನಲ್ಲಿ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಎಂದು ಬಾಯಿಪಾಠ ಮಾಡಿ ಬರೆದದ್ದು ಈ ಕುಲದ್ದೇ ಎಂದು ತಿಳಿದದ್ದು ಡಿಗ್ರಿ ಮುಗಿದ ಮೇಲೆ.

ಇಲ್ಲಿಯವರೆಗೆ ಓದಿದ ಹುರುಪಿನಲ್ಲಿ ನಾನು ರಾಯಚೂರಿಗೆ ಹೋಗಿ 2,800 ರೂಪಾಯಿ ಕೊಟ್ಟು ಒಂದು 2.1 ಸೆಟ್ ತಂದೆ. ಎರಡು ಸಣ್ಣ ಸ್ಪೀಕರ್, ಒಂದು ದೊಡ್ಡ ಬಾಸ್ ಡಬ್ಬಿ. ಸ್ಪೀಕರುಗಳನ್ನು ಪಡಸಾಲೆಯ ಎರಡು ಮೂಲೆಗೆ ಇಟ್ಟು, ನಡುವೆ ಕೂತರೆ ಎರಡರಿಂದಲೂ ಸಮ ದೂರ ಬರುವಂತೆ ಹಗ್ಗದಿಂದ ಅಳೆದೆ. ನಡುವೆ ಕೂತು ಕೇಳಿದೆ. ಬ್ಲಮ್‌ಲೈನ್ ಹೇಳಿದ ಹಾಗೆಯೇ, ಹಾಡುವವಳು ನೇರ ಎದುರಿಗೆ ನಿಂತಂತೆ ಇತ್ತು. ಅಜ್ಜಿಯನ್ನು ಬಲವಂತವಾಗಿ ಕರೆತಂದು ನಡುವೆ ಕೂರಿಸಿದೆ. ಆಕೆ ಎರಡು ನಿಮಿಷ ಕೂತು, ಎದ್ದು, ಬಲಗಿವಿ ಟಿವಿಗೆ ಬರುವ ಹಾಗೆ ಎಡ ಮೂಲೆಯ ತನ್ನ ಹಳೆಯ ಜಾಗಕ್ಕೆ ಹೋದಳು. ಅಲ್ಲಿ ಕೇಳಿದ್ದು ಬಾಸ್ ಡಬ್ಬಿಯ ದಬದಬ. ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟೆ.

ನನ್ನ ದಡ್ಡತನ ಆಮೇಲೆ ಹೊಳೆಯಿತು. ಬ್ಲಮ್‌ಲೈನ್‌ನ ಲೆಕ್ಕವೆಲ್ಲ ಎರಡು ಕಿವಿಯದು. ಎರಡು ಕಿವಿಗೆ ಮುಟ್ಟುವ ಧ್ವನಿಯ ವ್ಯತ್ಯಾಸವೇ ಅದರ ಜೀವ. ಒಂದೇ ಕಿವಿಯವರಿಗೆ ವ್ಯತ್ಯಾಸ ಎಂಬುದೇ ಇಲ್ಲ. ಮೂಲೆಗೆ ದೂಡಿದ ಎರಡು ಸ್ಪೀಕರುಗಳಲ್ಲಿ ಒಂದು ಆಕೆಗೆ ಯಾವಾಗಲೂ ದೂರವೇ. ನಾನು ಅವನ ಉತ್ತರವನ್ನು ನಕಲು ಮಾಡಿದ್ದೆ, ಅವನ ಪ್ರಶ್ನೆಯನ್ನು ಮರೆತಿದ್ದೆ. ಮಾತು ಮುಖದಿಂದ ಬರಬೇಕು ಎಂಬುದಷ್ಟೇ ಅವನ ಪ್ರಶ್ನೆಯಾಗಿತ್ತು. ಇನ್ನೊಂದು ಸಂಗತಿಯೂ ಇದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಸ, ಶ, ತ, ಕ ಎಂಬ ವ್ಯಂಜನಗಳ ಗುರುತೆಲ್ಲ ಅಲ್ಲಿಯೇ ಇರುವುದು. ಬಾಸ್ ಹೆಚ್ಚಿಸಿದರೆ ಇದ್ದದ್ದೂ ಮುಚ್ಚಿಹೋಗುತ್ತದೆ. ಅಜ್ಜಿಗೆ ಬೇಕಾದದ್ದು ಜೋರಲ್ಲ, ವ್ಯಂಜನ.

2.1 ಸೆಟ್ ಅನ್ನು ಸಿಂಧನೂರಿನ ರೂಮಿನಲ್ಲಿರುವ ಗೆಳೆಯನೊಬ್ಬ 2,000ಕ್ಕೆ ತೆಗೆದುಕೊಂಡ. ಹಾಡು ಕೇಳಲು ಅವನಿಗೆ ಅದು ಚೆನ್ನಾಗಿದೆ. ನಾನು ಮೊದಲು ಖರ್ಚಿಲ್ಲದ ಕೆಲಸ ಮಾಡಿದೆ. ಟಿವಿಯನ್ನು ಬಾಗಿಲ ಮೇಲಿನಿಂದ ಇಳಿಸಿ ಎದುರು ಗೋಡೆಯ ಕಟ್ಟಿಗೆ ಟೇಬಲ್ಲಿನ ಮೇಲೆ, ಕೂತವರ ಮುಖದ ಮಟ್ಟಕ್ಕೆ ಇಟ್ಟೆ. ಅದಕ್ಕೆ ಎದುರಿನ ಬೋಳು ಗೋಡೆಗೆ ಅಜ್ಜಿಯೇ ಹೊಲಿದ ಹಳೆಯ ಕೌದಿಯನ್ನು ತೂಗುಹಾಕಿದೆ. ಪ್ರತಿಧ್ವನಿ ಅರ್ಧ ಇಳಿಯಿತು. ಟಿವಿಯ ಸೆಟ್ಟಿಂಗಿನಲ್ಲಿ ಹುಡುಕಿದರೆ ಎರಡೂ ಕಡೆಯ ಧ್ವನಿಯನ್ನು ಒಂದೇ ಮಾಡುವ ಮೋನೊ ಎಂಬ ಆಯ್ಕೆ ಸಿಕ್ಕಿತು. ಮೊಬೈಲುಗಳಲ್ಲೂ ಇದು ಇರುತ್ತದೆ, ಒಂದು ಕಿವಿ ಕೇಳದವರು ಹೆಡ್‌ಫೋನ್ ಹಾಕುವಾಗ ಬಹಳ ಉಪಯೋಗ.

ಪಕ್ಕದ ಮನೆಯವರ ಬ್ಲೂಟೂತ್ ಸ್ಪೀಕರ್ ತಂದು ನೋಡಿದೆ. ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ತುಟಿ ನೋಡಿಯೇ ಅರ್ಧ ಮಾತು ತಿಳಿಯುವ ಅಜ್ಜಿಗೆ ಇದು ಇನ್ನೂ ಕಷ್ಟ. ಬ್ಲಮ್‌ಲೈನ್ ಕಂಡದ್ದು ಜಾಗ ತಪ್ಪಿದ ಧ್ವನಿ, ಇದು ಹೊತ್ತು ತಪ್ಪಿದ ಧ್ವನಿ. ಹಾಗಾಗಿ ತಂತಿಯೇ ಬೇಕೆಂದು ನಿಶ್ಚಯಿಸಿದೆ.

ಎರಡನೇ ಸಲ ರಾಯಚೂರಿಗೆ ಹೋದಾಗ ಬುದ್ಧಿ ಬಂದಿತ್ತು. ಅಂಗಡಿಯವರು ಸ್ಪೀಕರ್ ತೋರಿಸುವಾಗ ಫೈಟಿಂಗ್ ಸೀನ್ ಹಾಕುತ್ತಾರೆ, ಎಲ್ಲವೂ ಚೆನ್ನಾಗಿ ಕೇಳುತ್ತವೆ. ನಾನು ವಾರ್ತೆ ಹಾಕಿಸಿ ಕೇಳಿದೆ. ಐದು ಸ್ಪೀಕರಿನ ಹೋಮ್ ಥಿಯೇಟರ್ ನೋಡಿ ಆಸೆಯಾಯಿತು, ವೈರು ಮತ್ತು ರಿಮೋಟುಗಳನ್ನು ನೋಡಿ ಬಿಟ್ಟೆ. ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಕೆಲವು ಸೌಂಡ್‌ಬಾರುಗಳು ಕರೆಂಟ್ ಬಂದ ಮೇಲೆ ಟಿವಿ ಜೋಡಣೆ ಮರೆತು ಬ್ಲೂಟೂತ್ ಹುಡುಕುತ್ತಾ ನಿಲ್ಲುತ್ತವೆ. ಅಂಗಡಿಯಲ್ಲೇ ಸ್ವಿಚ್ ಆರಿಸಿ ಹಚ್ಚಿ ಪರೀಕ್ಷೆ ಮಾಡಿದೆ, ಹುಡುಗ ಗೊಣಗಿದ. ಕೊನೆಗೆ 4,600ಕ್ಕೆ, ಬಾಸ್ ಡಬ್ಬಿ ಇಲ್ಲದ, ಎಚ್‌ಡಿಎಂಐ ಎಆರ್‌ಸಿ ಇರುವ ಸಣ್ಣ ಸೌಂಡ್‌ಬಾರ್ ಆರಿಸಿದೆ. ಒಂದೇ ವೈರು ಟಿವಿಯಿಂದ ಅದಕ್ಕೆ. ಟಿವಿ ಹಚ್ಚಿದರೆ ತಾನೂ ಹತ್ತುತ್ತದೆ, ಟಿವಿ ರಿಮೋಟಿನಿಂದಲೇ ವಾಲ್ಯೂಮ್. ಮಾತನ್ನು ಎತ್ತಿ ಕೊಡುವ ಗುಂಡಿಯೂ ಇದೆ. ಅದರ ರಿಮೋಟನ್ನು ನಾನು ಒಂದು ಸಲ ಬಳಸಿ ಕಪಾಟಿನಲ್ಲಿ ಇಟ್ಟುಬಿಟ್ಟೆ. ಕೊಳ್ಳುವ ಮೊದಲು ನಿಮ್ಮ ಟಿವಿಯ ಹಿಂದೆ ಎಚ್‌ಡಿಎಂಐ ತೂತಿನ ಪಕ್ಕ ಎಆರ್‌ಸಿ ಎಂದು ಬರೆದಿದೆಯೇ ನೋಡಿಕೊಳ್ಳಿ. ಎಲ್ಲ ತೂತುಗಳಲ್ಲೂ ಅದು ಇರುವುದಿಲ್ಲ.

ಬ್ಲಮ್‌ಲೈನ್‌ನ ಉಳಿದ ಕಥೆ ಚಿಕ್ಕದು. 1939ರಲ್ಲಿ ಯುದ್ಧ ಬಂತು. ಕತ್ತಲಲ್ಲಿ, ಮೋಡದ ಮೇಲೆ ಹಾರುವ ವಿಮಾನಕ್ಕೆ ಕೆಳಗಿನ ನೆಲವನ್ನು ತೋರಿಸುವ ಎಚ್‌2ಎಸ್ ಎಂಬ ರೇಡಾರ್ ತಯಾರಿಯಲ್ಲಿ ಆತ ತೊಡಗಿದ. 1942ರ ಜೂನ್ 7ರಂದು ಅದನ್ನು ಪರೀಕ್ಷಿಸಲು ಹ್ಯಾಲಿಫ್ಯಾಕ್ಸ್ ವಿಮಾನದಲ್ಲಿ ಹಾರಿದ. ಎಂಜಿನ್ ಒಂದರಲ್ಲಿ ಸರಿಯಾಗಿ ಬಿಗಿಯದ ಒಂದು ನಟ್ ಸಡಿಲವಾಗಿ, ಅದರಿಂದ ಬೆಂಕಿ ಹತ್ತಿತು. ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ ವೆಲ್ಶ್ ಬಿಕ್ನರ್ ಎಂಬ ಹಳ್ಳಿಯ ಬಳಿ ವಿಮಾನ ಬಿದ್ದು ಒಳಗಿದ್ದ 11 ಮಂದಿಯೂ ಸತ್ತರು. ಇಎಂಐನ ಅವನ ಇಬ್ಬರು ಸಹೋದ್ಯೋಗಿಗಳೂ ಅದರಲ್ಲಿದ್ದರು. ಬ್ಲಮ್‌ಲೈನ್‌ಗೆ ಆಗ 38 ವರ್ಷ. ಮನೆಯಲ್ಲಿ ಡೊರೀನ್ ಮತ್ತು ಇಬ್ಬರು ಸಣ್ಣ ಗಂಡುಮಕ್ಕಳು. ಅವನ ಹೆಸರಿನಲ್ಲಿ 128 ಪೇಟೆಂಟ್.

ಶತ್ರುವಿಗೆ ಸುಳಿವು ಸಿಗಬಾರದೆಂದು ಸುದ್ದಿಯನ್ನು ಮುಚ್ಚಿಟ್ಟರು. ಅಷ್ಟು ದೊಡ್ಡ ಮನುಷ್ಯ ಸತ್ತದ್ದು ಜಗತ್ತಿಗೆ ತಿಳಿಯಲಿಲ್ಲ. ಮುಂದಿನ ವರ್ಷದ ಆರಂಭದಲ್ಲಿ ರೇಡಾರ್ ಬಳಕೆಗೆ ಬಂತು. 1958ರ ಹೊತ್ತಿಗೆ ಸ್ಟೀರಿಯೊ ತಟ್ಟೆಗಳು ಪೇಟೆಗೆ ಬಂದಾಗ ಅವುಗಳಲ್ಲಿದ್ದದ್ದು ಆ ವಿ ಆಕಾರದ ಗೀರೇ. ಆದರೆ ಪೇಟೆಂಟಿನ ಅವಧಿ ಅಷ್ಟರಲ್ಲಿ ಮುಗಿದಿತ್ತು. 1977ರಲ್ಲಿ ಲಂಡನ್ನಿನ ಅವನ ಮನೆಗೆ ನೆನಪಿನ ಫಲಕ ಹಾಕಿದರು. ಅವನ ಜೀವನಚರಿತ್ರೆ 1999ರಲ್ಲಿ ಬಂತು. 2017ರಲ್ಲಿ, ಸತ್ತು 75 ವರ್ಷವಾಗುವಾಗ, ಗ್ರ್ಯಾಮಿಯವರು ತಾಂತ್ರಿಕ ಪ್ರಶಸ್ತಿ ಕೊಟ್ಟರು. ಏಳು ವರ್ಷದ ಹುಡುಗ ಕರೆಗಂಟೆಗೆ ಬರೆದ ಬಿಲ್ಲಿನ ಮೇಲೆ ಸಂದಾಯವಾಗಿದೆ ಎಂದು ಪೆನ್ಸಿಲಿನಲ್ಲಿ ಗೀಚಲಾಗಿತ್ತಂತೆ. ಆ ಬಿಲ್ಲಾದರೂ ಕೈಯೊಡನೆ ಸಂದಾಯವಾಯಿತು.

ಸೌಂಡ್‌ಬಾರ್ ತಂದ ದಿನ ಅಜ್ಜಿಯನ್ನು ನಾನು ಕರೆಯಲಿಲ್ಲ, ಕರೆಯಲು ಮುಖ ಇರಲಿಲ್ಲ. ಚಂದನದಲ್ಲಿ ಯಾರೋ ದಾಸರ ಪದ ಹಾಡುತ್ತಿದ್ದರು. ಮಾನ್ವಿಯ ಜಗನ್ನಾಥದಾಸರದೋ ಏನೋ, ನನಗೆ ಅದರ ತಿಳಿವಳಿಕೆ ಇಲ್ಲ. ವಾಲ್ಯೂಮ್ 22 ಇತ್ತು. ಕಟ್ಟೆಯ ಮೇಲಿದ್ದ ಅಜ್ಜಿ ಬಾಗಿಲಿಗೆ ಬಂದು ನಿಂತಳು, ಆಮೇಲೆ ಒಳಗೆ ಬಂದು ತನ್ನ ಎಡ ಮೂಲೆಯಲ್ಲಿ ಕೂತಳು. ಕೌದಿ ಯಾಕೆ ಗೋಡೆಗೆ ಹಾಕೀರಿ, ಇಲಿ ಕಡಿತಾವು ಎಂದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೆ ಬಂದಾಗ ಅಜ್ಜಿಯೇ ರಿಮೋಟ್ ತೆಗೆದುಕೊಂಡು ಟಿವಿ ಹಚ್ಚಿದಳು, ಬಾರಿನ ಸಣ್ಣ ದೀಪವೂ ಹತ್ತಿತು. ವಾರ್ತೆ ಬರುತ್ತಿತ್ತು. ನಾನು ಪಕ್ಕದ ಕೋಣೆಗೆ ಹೋಗಿ ಪುಸ್ತಕ ತೆಗೆದೆ. ಸ್ವಲ್ಪ ಹೊತ್ತಿಗೆ ಆಕೆ ಅವ್ವನಿಗೆ, ಹುಡುಗ ಓದಾಕತ್ತಾನ, ಸೌಂಡ್ ಇನ್ನೊಂದೀಟು ಇಳಸು ಎಂದು ಹೇಳುವುದು ಗೋಡೆಯ ಆಚೆಯಿಂದ ಕೇಳಿಸಿತು.